ಹಿಮಪಾತ ಬೇರೆ, ಹಿಮಕುಸಿತ ಬೇರೆ: ರಜೆಗೆ ಹಿಮಾಲಯಕ್ಕೆ ಹೊರಟವರ ಪರವಾಗಿ ಒಂದು ತಕರಾರು

ಸಂಪಾದಕರಿಗೆ,

ಮಾನ್ಯರೇ,

ಏಪ್ರಿಲ್ ಎರಡನೆಯ ವಾರ ಶಾಲೆಗಳಿಗೆ ರಜೆ ಬಿಟ್ಟರೆ ಸಾಕು, ದೆಹಲಿಯ ಕಡೆಗೆ ಹೊರಡುವ ರೈಲುಗಳಲ್ಲಿ ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡ ಕನ್ನಡಿಗರ ತಂಡಗಳು ಕಾಣತೊಡಗುತ್ತವೆ. ಹಿಮಾಚಲದ ಸಾರ್ ಪಾಸ್, ಉತ್ತರಾಖಂಡದ ಪಾಂಗರ್‌ಚುಲ್ಲಾ, ಒಂದು ರಾಜ್ಯದಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುವ ರೂಪಿನ್ ಪಾಸ್ ಇವೆಲ್ಲ ಈಗ ನಮ್ಮ ಕಾಲೇಜು ಹುಡುಗರ ಬಾಯಲ್ಲಿ ಕುದುರೆಮುಖ, ಕುಮಾರ ಪರ್ವತಗಳಷ್ಟೇ ಸಲೀಸಾದ ಹೆಸರುಗಳು. ಅವರ ಹಿಂದೆಯೇ, ಕೇದಾರ ಬದರಿಗಳ ಬಾಗಿಲು ತೆರೆಯುವುದನ್ನು ಕಾಯುತ್ತಿದ್ದ ಹಿರಿಯರ ಯಾತ್ರೆ ಹೊರಡುತ್ತದೆ. ನಾವು ಬೇಸಿಗೆ ಎಂದು ಕರೆಯುವ ಈ ದಿನಗಳು ಮೂರು ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ವಸಂತದ ದಿನಗಳು. ಚಳಿಗಾಲವಿಡೀ ಪದರ ಪದರವಾಗಿ ಕೂಡಿದ ಹಿಮ ಕರಗಲು ಆಗಷ್ಟೇ ತೊಡಗಿರುತ್ತದೆ. ಬಹಳ ವರ್ಷ ಭೂಗೋಳ ಕಲಿಸಿ ನಿವೃತ್ತನಾದ, ಮೊಣಕಾಲು ಒಪ್ಪುವವರೆಗೆ ಹಲವು ವಸಂತಗಳಲ್ಲಿ ಆ ಹಾದಿಗಳನ್ನು ತುಳಿದ ನನಗೆ, ಈ ವಿಷಯದಲ್ಲಿ ತಮ್ಮ ಪತ್ರಿಕೆಯೂ ಸೇರಿದಂತೆ ಕನ್ನಡ ಪತ್ರಿಕೆಗಳೆಲ್ಲದರ ಮೇಲೆ ಒಂದು ತಕರಾರು ಇದೆ.

ತಕರಾರು ‘ಹಿಮಪಾತ’ ಎಂಬ ಪದದ ಬಗ್ಗೆ. ಮನಾಲಿಯಲ್ಲಿ ನವದಂಪತಿಗಳು ಕೈಚಾಚಿ ಹಿಡಿಯುವ ಹೂವಿನಂಥ ಹಿಮವೂ ನಮ್ಮ ಪತ್ರಿಕೆಗಳಲ್ಲಿ ಹಿಮಪಾತವೇ, ಬೆಟ್ಟದ ಒಂದು ಇಡೀ ಮಗ್ಗುಲಿನ ಹಿಮ ಕಳಚಿ ಜಾರಿ ಬಂದು ಕಾರ್ಮಿಕರ ಶಿಬಿರವನ್ನು ಹೂಳಿದರೆ ಅದೂ ಹಿಮಪಾತವೇ, ಬೀಸುವ ಗಾಳಿಯೊಡನೆ ಕಣ್ಣು ಕತ್ತಲಾಗುವಂತೆ ಹಿಮ ಸುರಿದು ಚಾರಣಿಗರು ಚಳಿಯಲ್ಲಿ ಸೆಟೆದು ಸತ್ತರೆ ಅದೂ ಹಿಮಪಾತವೇ. ಪಾತ ಎಂದರೆ ಬೀಳುವುದು, ಹಿಮ ಎಲ್ಲಿಂದಲಾದರೂ ಬಿದ್ದರೆ ಹಿಮಪಾತ ಎನ್ನಬಹುದು ಎಂದು ವ್ಯಾಕರಣ ಬಲ್ಲವರು ವಾದಿಸಬಹುದು. ಆ ವಾದವನ್ನು ಅಂಕೋಲೆಯ ಶಿರೂರಿನಲ್ಲಿ ನಿಂತು ಹೇಳಿ ನೋಡಬೇಕು. 2024ರ ಜುಲೈನಲ್ಲಿ ಅಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಯಾವ ಪತ್ರಿಕೆಯೂ ‘ಭಾರೀ ಮಳೆಗೆ ಸಿಲುಕಿ ಸಾವು’ ಎಂದು ಬರೆದು ಸುಮ್ಮನಾಗಲಿಲ್ಲ. ಮಳೆ ಸುರಿಯುವುದು ಒಂದು, ಆ ಮಳೆಯಿಂದ ಗುಡ್ಡ ಕುಸಿಯುವುದು ಇನ್ನೊಂದು ಎಂಬುದು ನಮಗೆ ಗೊತ್ತಿದೆ, ಏಕೆಂದರೆ ನಾವು ಎರಡನ್ನೂ ಕಂಡವರು.

ಹಿಮದ ವಿಷಯದಲ್ಲಿ ನಮಗೆ ಆ ಅನುಭವವಿಲ್ಲ, ಆದ್ದರಿಂದ ಪದಗಳೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ‘ಹಿಮ ಬೀಳುತ್ತದೆ, ತಲೆಗೆ ಏನಾದರೂ ಕಟ್ಟಿಕೋ’ ಎಂದು ಅಜ್ಜಿಯರು ಹೇಳುತ್ತಿದ್ದುದು ಇಬ್ಬನಿಯ ಬಗ್ಗೆ. ಮಂಜು ಎಂದರೆ ಮಡಿಕೇರಿಯಲ್ಲಿ ಕಣಿವೆ ತುಂಬುವ ಬೆಳ್ಳನೆಯ ಹೊಗೆ, ಮಂಜುಗಡ್ಡೆ ಎಂದರೆ ಶರಬತ್ತಿನ ಅಂಗಡಿಯದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಈಗ ನಾವು ವರ್ಷವರ್ಷವೂ ಹಿಮದ ಮೇಲೆ ನಡೆಯಲು ಹೋಗುತ್ತಿರುವ ಜನರಾಗಿದ್ದೇವೆ, ಅಲ್ಲಿ ಸಾಯುತ್ತಲೂ ಇದ್ದೇವೆ. ಸತ್ತದ್ದು ಹೇಗೆ ಎಂಬುದನ್ನಾದರೂ ಸರಿಯಾಗಿ ಹೇಳುವಷ್ಟು ಪದಗಳು ನಮ್ಮಲ್ಲಿ ಇರಬೇಕು.

2024ರ ಜೂನ್ ಮೊದಲ ವಾರದಲ್ಲಿ ಉತ್ತರಕಾಶಿಯ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ, ಮಾರ್ಗದರ್ಶಿಗಳೂ ಸೇರಿ 22 ಮಂದಿಯಿದ್ದ ಕರ್ನಾಟಕದ ತಂಡದಲ್ಲಿ ಒಂಬತ್ತು ಮಂದಿ ತೀರಿಕೊಂಡರು. ರಾಜ್ಯದ ಸಚಿವರೇ ಡೆಹ್ರಾಡೂನಿಗೆ ಹೋಗಿ ರಕ್ಷಣಾ ಕಾರ್ಯದ ಮೇಲೆ ನಿಗಾ ಇಟ್ಟದ್ದು ಓದುಗರಿಗೆ ನೆನಪಿರಬಹುದು. ಅಲ್ಲಿ ಬೆಟ್ಟದ ಹಿಮ ಜಾರಿರಲಿಲ್ಲ. ಮರಳುವ ದಾರಿಯಲ್ಲಿ ಹಿಮಗಾಳಿ ಎದ್ದು, ದಾರಿ ಕಾಣದಾಗಿ, ಬಯಲಲ್ಲೇ ರಾತ್ರಿ ಕಳೆಯಬೇಕಾಗಿ ಬಂದು, ದೇಹದ ಶಾಖ ಇಳಿದು ಅವರು ಸತ್ತರು. ಅದಕ್ಕೂ ಮೊದಲು, 2022ರ ಅಕ್ಟೋಬರ್ 4ರಂದು ಅದೇ ಜಿಲ್ಲೆಯ ದ್ರೌಪದಿ ಕಾ ದಾಂಡಾ ಶಿಖರದ ಕೆಳಗೆ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡದ ಮೇಲೆ ಬಂದದ್ದು ಅಪ್ಪಟ ಹಿಮಕುಸಿತ. ಅಲ್ಲಿ ತೀರಿಕೊಂಡವರಲ್ಲಿ ಬೆಂಗಳೂರಿನ ಯುವಕರೂ ಇದ್ದರು. ಇನ್ನು 2021ರ ಫೆಬ್ರುವರಿ 7ರಂದು ಚಮೋಲಿ ಜಿಲ್ಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಪ್ರವಾಹವನ್ನು ನಾವೆಲ್ಲ ‘ಹಿಮನದಿ ಸ್ಫೋಟ’ ಎಂದು ಓದಿದೆವು. ರೋಂಟಿ ಶಿಖರದ ಮಗ್ಗುಲಿನಿಂದ ಬಂಡೆ ಮತ್ತು ನೀರ್ಗಲ್ಲಿನ (ಗಟ್ಟಿ ಮಂಜುಗಡ್ಡೆಯ) ಬೃಹತ್ ತುಂಡೊಂದು ಕಳಚಿ ಬಿದ್ದದ್ದು ಅದಕ್ಕೆ ಕಾರಣವೆಂದು, ಅದರಲ್ಲಿ ಬಂಡೆಯ ಪಾಲೇ ಹೆಚ್ಚಿತ್ತೆಂದು ವಿಜ್ಞಾನಿಗಳು ಆಮೇಲೆ ತೋರಿಸಿಕೊಟ್ಟರು. ಗಢವಾಲದ ಜನ ಗದೇರಾಗಳಲ್ಲಿ, ಎಂದರೆ ಬೆಟ್ಟದ ಕೊರಕಲುಗಳಲ್ಲಿ, ಜಾರಿ ಬಂದು ಕುಳಿತ ಹಿಮರಾಶಿಯನ್ನೂ ‘ಗ್ಲೇಶಿಯರ್’ ಎಂದೇ ಕರೆಯುವುದುಂಟು. ಹಿಂದಿ ವಾಹಿನಿಗಳಿಂದ ಆ ಪದ ನಮ್ಮ ಸುದ್ದಿಮನೆಗೆ ಬಂದು ಹಿಮನದಿಯಾಗಿ ಮೈತಳೆಯುತ್ತದೆ, ಓದುಗ ನದಿಯನ್ನು ಕಲ್ಪಿಸಿಕೊಳ್ಳುತ್ತಾನೆ.

ಹಿಮಗಾಳಿಗೆ ಸಿಕ್ಕವನಿಗೆ ಬೇಕಾದದ್ದು ಆಸರೆ, ಒಣ ಬಟ್ಟೆ, ಬೇಗ ಕೆಳಗಿಳಿಯುವ ನಿರ್ಧಾರ. ಹಿಮಕುಸಿತದಲ್ಲಿ ಇವು ಯಾವುವೂ ಉಪಯೋಗಕ್ಕೆ ಬರುವುದಿಲ್ಲ. ಯಾವ ಇಳಿಜಾರಿನಲ್ಲಿ, ಯಾವ ಹೊತ್ತಿನಲ್ಲಿ ಇದ್ದೆವು ಎಂಬುದೇ ಅಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದಾಗ ಓದುಗನಿಗೆ ಉಳಿಯುವ ತಿಳಿವಳಿಕೆ ‘ಹವೆ ಕೆಟ್ಟಿದ್ದರೆ ಅಪಾಯ, ಬಿಸಿಲಿದ್ದರೆ ಕ್ಷೇಮ’ ಎಂಬುದಷ್ಟೇ. ವಸಂತದ ಹಿಮಾಲಯದಲ್ಲಿ ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇರಲಾರದು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಮ ಜಾರುವುದು ಬಹುಮಟ್ಟಿಗೆ ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರುಗಳಲ್ಲಿ. ಅಂದರೆ ನಮ್ಮ ಮನೆಗಳ ಮೆಟ್ಟಿಲಿನಷ್ಟೋ ಅದಕ್ಕಿಂತ ತುಸು ಹೆಚ್ಚೋ ಓರೆಯಾದ, ಹತ್ತಲು ಚೆನ್ನಾಗಿಯೇ ಕಾಣುವ ಇಳಿಜಾರು. ಅದಕ್ಕೂ ಬಹಳ ಕಡಿದಾದ ಕಡೆ ಹಿಮ ಹೆಚ್ಚು ನಿಲ್ಲುವುದಿಲ್ಲ, ಬಿದ್ದಂತೆ ಉದುರಿಹೋಗುತ್ತದೆ. ಕಣದಲ್ಲಿ ಜೋಳದ ರಾಶಿ ಮಾಡಿದವರಿಗೆ ರಾಶಿ ಎಷ್ಟು ಓರೆಯಾದ ಮೇಲೆ ಕಾಳು ಜಾರತೊಡಗುತ್ತದೆ ಎಂಬುದು ಗೊತ್ತು. ಹಿಮದ ರಾಶಿ ಮಾತ್ರ ಒಂದೇ ಬಗೆಯ ಕಾಳಿನದಲ್ಲ. ಡಿಸೆಂಬರಿನಲ್ಲಿ ಬಿದ್ದ ಹಿಮ ಕೊರೆಯುವ ಚಳಿಯಲ್ಲಿ ಒಳಗೊಳಗೇ ರೂಪ ಬದಲಿಸಿ, ಒಂದಕ್ಕೊಂದು ಅಂಟದ ಸಕ್ಕರೆಯ ಹರಳಿನಂತೆ ತಳದಲ್ಲಿ ಉಳಿದಿರುತ್ತದೆ. ಅದರ ಮೇಲೆ ಬಿಸಿಲಿಗೆ ಕರಗಿ ಮತ್ತೆ ಗಟ್ಟಿಯಾದ ಹೊಪ್ಪಳೆ. ಅದರ ಮೇಲೆ ಗಾಳಿ ತಂದು ಒತ್ತಿದ ಹಲಗೆಯಂಥ ಪದರ. ಎಲ್ಲಕ್ಕೂ ಮೇಲೆ ನಿನ್ನೆ ಮೊನ್ನೆಯ ಹೊಸ ಹಿಮ. ಚಳಿಗಾಲದಲ್ಲಿ ಈ ಪದರಗಳಲ್ಲಿ ದುರ್ಬಲವಾದದ್ದೊಂದು ಭಾರ ತಾಳದೆ ಮುರಿದಾಗ ಮೇಲಿನ ಹಲಗೆ ಹಲಗೆಯಾಗಿಯೇ ಕಳಚುತ್ತದೆ. ಬಹಳ ಸಲ ಆ ಕೊನೆಯ ಭಾರ, ಅದರ ಮೇಲೆ ಕಾಲಿಟ್ಟ ಮನುಷ್ಯನದೇ ಆಗಿರುತ್ತದೆ.

ವಸಂತ ಬಂದಾಗ ಇದಕ್ಕೆ ನೀರು ಸೇರುತ್ತದೆ. ಹಗಲಿನ ಬಿಸಿಲಿಗೆ ಮೇಲ್ಮೈ ಕರಗಿ, ಆ ನೀರು ಹರಳುಗಳ ನಡುವೆ ಜಿನುಗಿ ಇಳಿಯುತ್ತದೆ. ದಿನಗಳು ಕಳೆದಂತೆ ಹಿಮದ ಇಡೀ ದಪ್ಪ ಮೇಲಿನಿಂದ ತಳದವರೆಗೆ ಸೊನ್ನೆ ಡಿಗ್ರಿಗೆ ಬಂದು ನಿಲ್ಲುತ್ತದೆ. ಇನ್ನು ಮುಂದೆ ಬೀಳುವ ಪ್ರತಿಯೊಂದು ಚೂರು ಶಾಖವೂ ಕರಗಿಸುವುದಕ್ಕೇ ವಿನಿಯೋಗವಾಗುತ್ತದೆ. ಇಳಿದ ನೀರು ಒಳಗಿನ ಗಟ್ಟಿ ಹೊಪ್ಪಳೆಯ ಮೇಲೋ, ತಳದ ಹುಲ್ಲು ಬಂಡೆಗಳ ಮೇಲೋ ಹರಡಿಕೊಂಡು ಹಿಮ ಹಿಡಿದಿದ್ದ ಹಿಡಿತವನ್ನು ಬಿಡಿಸುತ್ತದೆ. ಮಳೆಗಾಲದಲ್ಲಿ ಪಶ್ಚಿಮಘಟ್ಟದ ಮಣ್ಣು ಬಂಡೆಯ ಮೇಲಿಂದ ಜಾರುವುದೂ ಹೀಗೆಯೇ ಎಂದು ತರಗತಿಯಲ್ಲಿ ಹೇಳಿದರೆ ಮಕ್ಕಳು ತಟ್ಟನೆ ಹಿಡಿಯುತ್ತಿದ್ದರು. ಹೊಸದಾಗಿ ಬಿದ್ದ ಒಣ ಹಿಮದ ಒಂದು ಘನ ಮೀಟರ್ ಐವತ್ತರಿಂದ ನೂರು ಕೆ.ಜಿ. ತೂಗಿದರೆ, ವಸಂತದ ಒದ್ದೆ ಹಿಮ ನಾನೂರು ಐನೂರು ಕೆ.ಜಿ. ತೂಗುತ್ತದೆ. ಒಣ ಹಿಮದ ಕುಸಿತ ಗಂಟೆಗೆ ಇನ್ನೂರು ಕಿ.ಮೀ. ವೇಗದಲ್ಲಿ ಮೋಡದಂತೆ ಎದ್ದು ಬರಬಹುದು. ಒದ್ದೆ ಹಿಮದ್ದು ಅಷ್ಟು ವೇಗವಲ್ಲ, ಕಲಸಿದ ಹಿಟ್ಟಿನ ಹಾಗೆ ಕೊರಕಲು ಹಿಡಿದು ಉರುಳುತ್ತದೆ, ದಾರಿಯಲ್ಲಿ ಸಿಕ್ಕ ಕಲ್ಲು ಮರಗಳನ್ನೂ ಒಳಗೆ ಸೇರಿಸಿಕೊಳ್ಳುತ್ತದೆ, ನಿಂತ ಮರುಕ್ಷಣ ಗಾರೆಯಂತೆ ಬಿಗಿದುಕೊಳ್ಳುತ್ತದೆ.

ಹಾಗಾದರೆ ವಸಂತದಲ್ಲಿ ಹಿಮದ ಮೇಲೆ ಯಾರೂ ನಡೆಯಬಾರದೇ? ನಡೆಯಬಹುದು. ರಾತ್ರಿ ಅದಕ್ಕೆ ಅವಕಾಶ ಮಾಡಿಕೊಡುತ್ತದೆ. ಆಕಾಶ ತಿಳಿಯಾಗಿದ್ದ ರಾತ್ರಿ ಹಿಮ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು, ಹಗಲು ಒದ್ದೆಯಾದ ಪದರ ಮತ್ತೆ ಹೆಪ್ಪುಗಟ್ಟುತ್ತದೆ, ಬೆಳಗಿನ ಜಾವ ಅದು ಕಾಂಕ್ರೀಟ್ ರಸ್ತೆಯಂತೆ ಗಟ್ಟಿ. ಮೋಡ ಕವಿದ ರಾತ್ರಿ ಹಾಗಾಗುವುದಿಲ್ಲ, ಮೋಡ ಕಂಬಳಿಯಂತೆ ಶಾಖವನ್ನು ತಡೆಹಿಡಿಯುತ್ತದೆ. ಇದು ನಮ್ಮ ಧಾರವಾಡ ಸೀಮೆಯ ರೈತನಿಗೆ ಹೊಸ ವಿಷಯವಲ್ಲ. ಹಿಂಗಾರಿ ಜೋಳಕ್ಕೆ ಇಬ್ಬನಿಯನ್ನು ನಂಬಿದವನು ಅವನು; ಮೋಡವಿದ್ದ ರಾತ್ರಿ ಇಬ್ಬನಿ ಬೀಳುವುದಿಲ್ಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಮದ ಹೆಪ್ಪಿಗೂ ಇಬ್ಬನಿಗೂ ಒಂದೇ ಲೆಕ್ಕ. ಆದ್ದರಿಂದ ಬಲ್ಲವರು ನಸುಕಿನ ಎರಡು ಮೂರು ಗಂಟೆಗೆ ಹೊರಟು, ಎರಡು ಶಿಖರಗಳ ನಡುವಿನ ಕಣಿವೆದಾರಿಯನ್ನು ಬಿಸಿಲೇರುವ ಮುನ್ನ ದಾಟಿ, ಹತ್ತು ಹನ್ನೊಂದರ ಒಳಗೆ ಕಡಿದಾದ ಹಿಮದಿಂದ ಇಳಿದುಬಿಡುತ್ತಾರೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಬಿಸಿಯಾಗುತ್ತದೆ, ಆಮೇಲೆ ದಕ್ಷಿಣದ್ದು, ಮಧ್ಯಾಹ್ನದ ಮೇಲೆ ಪಶ್ಚಿಮದ್ದು. ಇಷ್ಟು ತಿಳಿಯಲು ದಿಕ್ಸೂಚಿಯೂ ಬೇಕಿಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹಲವು ವರ್ಷಗಳ ಹಿಂದೆ ಒಂದು ಮೇ ತಿಂಗಳು, ಹಿಮಾಚಲದ ಅಂಥ ಕಣಿವೆದಾರಿಯೊಂದನ್ನು ದಾಟಲು ಚಾರಣ ಸಂಘಟಕರೊಬ್ಬರ ತಂಡದಲ್ಲಿ ಹೋಗಿದ್ದೆ. ದಾಟುವ ಹಿಂದಿನ ರಾತ್ರಿ ಮೋಡ ಕವಿದಿತ್ತು, ಗುಡಾರದ ಹೊರಗೆ ಇಟ್ಟ ಚೊಂಬಿನ ನೀರು ಬೆಳಿಗ್ಗೆಯೂ ನೀರಾಗಿಯೇ ಇತ್ತು. ಊರಿನ ಮಾರ್ಗದರ್ಶಿ, ಆ ಬೆಟ್ಟದಲ್ಲೇ ಕುರಿ ಕಾದು ಬೆಳೆದವನು, ಒಂದು ದಿನ ಕಾಯೋಣ ಎಂದ. ಸಂಘಟಕರ ಪ್ರತಿನಿಧಿಗೆ ಹಿಂದಿನ ಶಿಬಿರಕ್ಕೆ ಮರುದಿನ ಬರಲಿದ್ದ ಇನ್ನೊಂದು ತಂಡದ ಚಿಂತೆ. ತಿಂಡಿ ಮುಗಿಸಿ ಏಳು ಗಂಟೆಗೆ ಹೊರಟೆವು. ಆಕಾಶ ಅಷ್ಟೊತ್ತಿಗೆ ತಿಳಿಯಾಗಿ, ಫೋಟೊ ತೆಗೆಯುವವರಿಗೆ ಹಬ್ಬ. ಹತ್ತೂವರೆಯ ಹೊತ್ತಿಗೆ ಕಾಲು ಮೊಣಕಾಲಿನವರೆಗೆ ಹೂತುಹೋಗತೊಡಗಿತು. ಮೇಲಿನ ಬಂಡೆಗಳ ಬುಡದಿಂದ ಹಿಮದ ಸಣ್ಣ ಉಂಡೆಗಳು ತಾವಾಗಿಯೇ ಉರುಳಿ, ಚಕ್ರದಂತೆ ಸುತ್ತಿಕೊಳ್ಳುತ್ತ ಕೆಳಗೆ ಬರುತ್ತಿದ್ದವು. ನಮಗೆ ಅದೊಂದು ತಮಾಷೆ. ಮಾರ್ಗದರ್ಶಿಯ ಮುಖ ಮಾತ್ರ ಬಿಗಿಯಿತು. ಚೀಲದ ಸೊಂಟಪಟ್ಟಿ ಬಿಚ್ಚಿಸಿದ, ಒಬ್ಬರು ಆ ಬದಿ ಮುಟ್ಟುವವರೆಗೆ ಇನ್ನೊಬ್ಬರು ಹೆಜ್ಜೆ ಇಡಬಾರದೆಂದ, ಮಾತಾಡುತ್ತಿದ್ದವರನ್ನು ಸುಮ್ಮನಾಗಿಸಿದ. ಮಾತಿನ ಸದ್ದಿಗೆ ಹಿಮ ಜಾರುವುದಿಲ್ಲ, ಅದೊಂದು ಹಳೆಯ ನಂಬಿಕೆಯಷ್ಟೇ. ಆದರೆ ಮೇಲಿನಿಂದ ಬರುವ ಸದ್ದು ತನಗೆ ಕೇಳಬೇಕು ಎಂಬುದು ಅವನ ಇಂಗಿತವಾಗಿತ್ತೆಂದು ಆಮೇಲೆ ತಿಳಿಯಿತು. ನಾವೆಲ್ಲ ದಾಟಿ ಬಂಡೆಯ ದಿಣ್ಣೆಯ ಮೇಲೆ ಕುಳಿತು ಅರ್ಧ ಗಂಟೆಯೂ ಆಗಿರಲಿಲ್ಲ, ಎದುರು ಮಗ್ಗುಲಿನ ಇಳಿಜಾರೊಂದು ನಡುವೆ ಗೆರೆ ಎಳೆದಂತೆ ಬಿರಿದು, ಕೆಳಗಿನ ಭಾಗ ಇಡಿಯಾಗಿ ಹೊರಟಿತು. ನಾವು ನಡೆದ ಇಳಿಜಾರಿಗೂ ಅದಕ್ಕೂ ಓರೆಯಲ್ಲಾಗಲಿ ಬಣ್ಣದಲ್ಲಾಗಲಿ ಯಾವ ವ್ಯತ್ಯಾಸವೂ ಇರಲಿಲ್ಲ.

ಚಾರಣಿಗರಷ್ಟೇ ಏಕೆ, ವಾಹನದಲ್ಲಿ ಹೋಗುವ ಪ್ರವಾಸಿಗನೂ ಈ ಲೆಕ್ಕದ ಹೊರಗಿಲ್ಲ. 2023ರ ಏಪ್ರಿಲ್ 4ರಂದು ಸಿಕ್ಕಿಮಿನಲ್ಲಿ ಗ್ಯಾಂಗ್ಟಾಕ್‌ನಿಂದ ನಾಥುಲಾ ಕಡೆಗೆ ಹೋಗುವ ರಸ್ತೆಯ 15ನೇ ಮೈಲಿಯ ಬಳಿ ನಡುಹಗಲಿನಲ್ಲಿ ಹಿಮ ಕುಸಿದು ಏಳು ಮಂದಿ ಪ್ರವಾಸಿಗರು ಸತ್ತರು. ಅಂದು ಪರವಾನಗಿ ಇದ್ದದ್ದು 13ನೇ ಮೈಲಿಯವರೆಗೆ ಮಾತ್ರ. ಹಿಮದಲ್ಲಿ ಆಡಬೇಕೆಂಬ ಆಸೆಗೆ ಇನ್ನೆರಡು ಮೈಲಿ ಮುಂದೆ ಹೋದವರು ಅವರು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. 13ಕ್ಕೆ ಯಾಕೆ ತಡೆದಿದ್ದಾರೆ ಎಂಬುದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಯಾರಾದರೂ ಹೇಳಿದ್ದರೇ ಎಂಬುದು ನನ್ನ ಪ್ರಶ್ನೆ. ಪರವಾನಗಿಯ ಗೆರೆ ನಮಗೆ ಸರ್ಕಾರಿ ಕಿರಿಕಿರಿಯಾಗಿ ಕಾಣುತ್ತದೆ, ಬೆಟ್ಟದ ಮಗ್ಗುಲಿನ ಓರೆಯಾಗಿ ಕಾಣುವುದಿಲ್ಲ. ತಾವು ನಿಂತ ಜಾಗ ಸಮತಟ್ಟಾಗಿದ್ದರೆ ಸಾಕೆಂಬ ಭ್ರಮೆಯೂ ಇದರ ಜೊತೆಗಿದೆ. ಹಿಮ ಹೊರಡುವ ಜಾಗವೇ ಬೇರೆ, ಅದು ಬಂದು ನಿಲ್ಲುವ ಜಾಗವೇ ಬೇರೆ.

2021ರ ಏಪ್ರಿಲ್ 23ರಂದು ಚಮೋಲಿ ಜಿಲ್ಲೆಯ ನೀತಿ ಕಣಿವೆಯ ಸುಮ್ನಾದಲ್ಲಿ ಗಡಿರಸ್ತೆ ಸಂಸ್ಥೆಯ ಕಾರ್ಮಿಕರ ಶಿಬಿರದ ಮೇಲೆ ಹಿಮ ಬಂದದ್ದು ದಿನಗಟ್ಟಲೆ ಮಳೆ ಹಿಮ ಸುರಿದ ಮೇಲೆ. ಸೇನೆ ನೂರಾರು ಜನರನ್ನು ಹೊರತಂದರೂ ಹತ್ತಕ್ಕೂ ಹೆಚ್ಚು ಮಂದಿ ಉಳಿಯಲಿಲ್ಲ. ಮೆಡಿಟರೇನಿಯನ್ ಕಡೆಯಿಂದ ಬರುವ, ಹವಾಮಾನ ಇಲಾಖೆಯವರು ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎನ್ನುವ ಮೋಡಗಳ ಸಾಲು ಏಪ್ರಿಲ್ ಮೇ ತಿಂಗಳಲ್ಲೂ ಹೀಗೆ ಒಮ್ಮೊಮ್ಮೆ ಹೊಸ ಹಿಮವನ್ನು ಹಳೆಯ ಒದ್ದೆ ಹಿಮದ ಮೇಲೆ ಹೇರಿ ಹೋಗುತ್ತದೆ. ಅದು ಸರಿದು ಬಿಸಿಲು ಬಿದ್ದ ಮೊದಲ ಒಂದೆರಡು ದಿನಗಳು ವಸಂತದ ಅತಿ ಕೆಟ್ಟ ದಿನಗಳು. ಹಿಮಾಚಲದ ಲಾಹೌಲ್ ಕಣಿವೆಯ ಹಿರಿಯರು ಇಂದಿಗೂ ನೆನೆಯುವುದು 1979ರ ಮಾರ್ಚ್ ತಿಂಗಳನ್ನು. ಆಗಿನ ಕುಸಿತಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು.

ಹಿಮಕುಸಿತ ಎಂದರೆ ಕರ್ನಾಟಕಕ್ಕೆ ಮೊದಲು ನೆನಪಾಗುವುದು ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಕುಂದಗೋಳ ತಾಲ್ಲೂಕಿನ ಬೆಟದೂರಿನವರು, ನಮ್ಮ ಜಿಲ್ಲೆಯವರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದಾಗ ಹೂತುಹೋದ ಹತ್ತು ಯೋಧರಲ್ಲಿ ಹಾಸನ, ಮೈಸೂರು ಜಿಲ್ಲೆಗಳವರೂ ಇದ್ದರು. ಹನುಮಂತಪ್ಪನವರು ಇಪ್ಪತ್ತೈದು ಅಡಿಗೂ ಹೆಚ್ಚು ಆಳದಲ್ಲಿ ಆರು ದಿನ ಇದ್ದು ಉಸಿರಾಡುತ್ತಲೇ ಸಿಕ್ಕರು, ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂದು ಇಡೀ ರಾಜ್ಯ ದೇವರಿಗೆ ದೀಪ ಹಚ್ಚಿತ್ತು, ನಾನೂ ಹಚ್ಚಿದ್ದೆ. ಆದರೆ ಆ ನೆನಪು ನಮಗೆ ಅರಿವಿಲ್ಲದಂತೆ ಒಂದು ತಪ್ಪು ಲೆಕ್ಕವನ್ನೂ ಕಲಿಸಿಬಿಟ್ಟಿದೆ ಎಂದು ಹೇಳಲು ಸಂಕೋಚಪಡುತ್ತಲೇ ಹೇಳುತ್ತೇನೆ. ಹಿಮದಡಿ ಸಿಕ್ಕವರು ದಿನಗಟ್ಟಲೆ ಬದುಕಿರಬಹುದು, ಹೆಲಿಕಾಪ್ಟರ್ ಬಂದು ಹುಡುಕಲಿ ಎಂಬ ಭಾವನೆ ನಮ್ಮ ಚಾರಣಿಗರಲ್ಲೂ ಅವರ ಮನೆಯವರಲ್ಲೂ ಇದೆ. ಹನುಮಂತಪ್ಪನವರಿಗೆ ಕುಸಿದ ಗುಡಾರದೊಳಗೆ ಗಾಳಿಯ ಒಂದು ಟೊಳ್ಳು ಉಳಿದಿತ್ತೆಂದು ಆಗಿನ ವರದಿಗಳು ಹೇಳಿದ್ದವು. ಅದು ಕೋಟಿಗೊಂದು ಸಂದರ್ಭ.

ಬಯಲಿನಲ್ಲಿ ಹೂತುಹೋದವನ ಲೆಕ್ಕ ನಿಮಿಷಗಳದ್ದು. ಸ್ವಿಟ್ಜರ್ಲೆಂಡಿನ ದಾಖಲೆಗಳನ್ನು ಆಧರಿಸಿ 1990ರ ದಶಕದಲ್ಲಿ ಮಾಡಿದ ಲೆಕ್ಕದಂತೆ, ಪೂರ್ತಿ ಹೂತವರನ್ನು ಮೊದಲ ಹದಿನೈದು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ, ಮೂವತ್ತೈದು ನಿಮಿಷ ಕಳೆದರೆ ಹತ್ತರಲ್ಲಿ ಮೂವರು. ಈಚಿನ ಅಧ್ಯಯನಗಳು ಮೊದಲಿನ ಆ ಗಡುವನ್ನು ಹತ್ತು ನಿಮಿಷಕ್ಕೆ ಇಳಿಸಿವೆ. ಬಹುಮಟ್ಟಿಗೆ ಸಾಯುವುದು ಚಳಿಯಿಂದಲ್ಲ, ಉಸಿರು ಕಟ್ಟಿ. ಒದ್ದೆ ಹಿಮದಲ್ಲಿ ಗಾಳಿಯ ಎಡೆ ಇನ್ನೂ ಕಡಿಮೆ. ಹತ್ತು ನಿಮಿಷದಲ್ಲಿ ಯಾವ ಹೆಲಿಕಾಪ್ಟರ್ ಬರುತ್ತದೆ? ಹೊರತೆಗೆಯಬೇಕಾದವರು ಜೊತೆಯಲ್ಲಿ ನಡೆಯುತ್ತಿದ್ದವರೇ. ಅದಕ್ಕಾಗಿ ಪ್ರತಿಯೊಬ್ಬರ ಎದೆಯ ಮೇಲೆ ಸಂಕೇತ ಕಳಿಸುವ ಮತ್ತು ಹುಡುಕುವ ಟ್ರಾನ್ಸೀವರ್ ಎಂಬ ಪುಟ್ಟ ಯಂತ್ರ, ಚೀಲದಲ್ಲಿ ಹಿಮಕ್ಕೆ ಚುಚ್ಚಿ ನೋಡಲು ಮಡಚುವ ಉದ್ದನೆಯ ಸರಳು, ಒಂದು ಗಟ್ಟಿ ಸಲಿಕೆ ಇರಬೇಕು. ಮೂರರಲ್ಲಿ ಒಂದಿಲ್ಲದಿದ್ದರೆ ಉಳಿದೆರಡೂ ಹೆಚ್ಚು ಪ್ರಯೋಜನವಿಲ್ಲ. ಬರಿಗೈಯಲ್ಲಿ ಆ ಗಾರೆಯನ್ನು ತೋಡಲಾಗದು. ನಾನು ಹೋದ ಯಾವ ವಾಣಿಜ್ಯ ಚಾರಣದಲ್ಲೂ ಇವು ಮೂರೂ ಒಟ್ಟಿಗೆ ಕಂಡಿರಲಿಲ್ಲ, ಕೆಲವು ಕಡೆ ಒಂದೂ ಇರಲಿಲ್ಲ. ಆಮ್ಲಜನಕದ ಸಿಲಿಂಡರ್ ಮಾತ್ರ ಎಲ್ಲ ಕರಪತ್ರಗಳ ಚಿತ್ರದಲ್ಲೂ ಇರುತ್ತಿತ್ತು.

ಎಚ್ಚರಿಕೆಯ ವ್ಯವಸ್ಥೆಯೇ ಇಲ್ಲವೆಂದು ಹೇಳುವಂತಿಲ್ಲ. ಮನಾಲಿಯಲ್ಲಿ 1969ರಲ್ಲಿ ಆರಂಭವಾದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ 2020ರಲ್ಲಿ ಇನ್ನೊಂದು ಪ್ರಯೋಗಾಲಯದೊಡನೆ ಸೇರಿ, ಈಗ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಾದ ಡಿಆರ್‌ಡಿಒ ಅಡಿಯಲ್ಲಿ ಚಂಡೀಗಢದ ಡಿಜಿಆರ್‌ಇ ಎಂಬ ಹೆಸರಿನಿಂದ ಕೆಲಸ ಮಾಡುತ್ತಿದೆ. ಯಾವ ಜಿಲ್ಲೆಯಲ್ಲಿ, ಎಷ್ಟು ಎತ್ತರದಿಂದ ಮೇಲೆ, ಯಾವ ಮಟ್ಟದ ಅಪಾಯವಿದೆ ಎಂದು ಅದು ಬಣ್ಣದ ಗುರುತಿನೊಡನೆ ಮುನ್ಸೂಚನೆ ಕೊಡುತ್ತದೆ. 2025ರ ಫೆಬ್ರುವರಿ 28ರ ಬೆಳಿಗ್ಗೆ ಬದರಿನಾಥದ ಪಕ್ಕದ ಮಾಣಾದಲ್ಲಿ ರಸ್ತೆ ಕಾರ್ಮಿಕರ ಶಿಬಿರದ ಮೇಲೆ ಹಿಮ ಕುಸಿದಾಗ, ಚಮೋಲಿ ಜಿಲ್ಲೆಗೆ ಹಿಂದಿನ ದಿನವೇ ಎಚ್ಚರಿಕೆ ಹೋಗಿತ್ತು. ಸಿಲುಕಿದ 54 ಮಂದಿಯಲ್ಲಿ 46 ಮಂದಿ ಉಳಿದರು, ಎಂಟು ಮಂದಿ ಸತ್ತರು. ಅಷ್ಟು ಮಂದಿ ಉಳಿಯಲು ಒಂದು ಕಾರಣ ಅವರು ಮಲಗಿದ್ದ ಕಬ್ಬಿಣದ ಕಂಟೇನರುಗಳು. ಅವು ಉರುಳಿ ಜಜ್ಜಿಹೋದರೂ ಒಳಗೆ ಗಾಳಿಗೆ ಜಾಗ ಉಳಿದಿತ್ತು. ಎಚ್ಚರಿಕೆ ಕಚೇರಿಯಿಂದ ಕಚೇರಿಗೆ ತಲುಪುವುದಕ್ಕೂ, ಇಳಿಜಾರಿನ ಬುಡದಲ್ಲಿ ಮಲಗಿದವನ ಕಿವಿಗೆ ತಲುಪುವುದಕ್ಕೂ ನಡುವೆ ಇರುವ ದೂರವನ್ನು ಮಾಣಾ ತೋರಿಸಿಕೊಟ್ಟಿತು. ಹುಬ್ಬಳ್ಳಿಯ ಒಬ್ಬ ಯಾತ್ರಿಕನಿಗೆ ಆ ದೂರ ಇನ್ನೂ ಹೆಚ್ಚು.

ಯಾತ್ರೆಯ ವಿಷಯವನ್ನು ಪ್ರತ್ಯೇಕವಾಗಿ ಎತ್ತಲು ಕಾರಣವಿದೆ. ಕೇದಾರನಾಥ ಕರ್ನಾಟಕಕ್ಕೆ ಬರಿಯ ದೂರದ ತೀರ್ಥವಲ್ಲ, ಅಲ್ಲಿನ ರಾವಲ್ ಎನ್ನುವ ಗುರುಪೀಠಕ್ಕೆ ತಲೆಮಾರುಗಳಿಂದ ಬರುತ್ತಿರುವವರು ಬಹುಮಟ್ಟಿಗೆ ನಮ್ಮ ನಾಡಿನ ವೀರಶೈವ ಜಂಗಮರು. ಬಾಗಿಲು ತೆರೆಯುವ ದಿನವೇ ದರ್ಶನ ಮಾಡಬೇಕೆಂಬ ಹಂಬಲದಿಂದ ಹೋಗುವ ಕನ್ನಡಿಗರು ಬಹಳ. ಆ ದಿನ 2023ರಲ್ಲಿ ಏಪ್ರಿಲ್ 25ಕ್ಕೆ ಬಂದಿತ್ತು, 2024ರಲ್ಲಿ ಮೇ 10ಕ್ಕೆ, 2025ರಲ್ಲಿ ಮೇ 2ಕ್ಕೆ. ಪಂಚಾಂಗ ನೋಡಿ ಇಡುವ ದಿನ, ಹಿಮ ನೋಡಿ ಅಲ್ಲ. ಬೇಗ ತೆರೆದ ವರ್ಷ ಕೇದಾರದ ಕಾಲುದಾರಿಯಲ್ಲಿ ಲಿಂಚೋಲಿಯಿಂದ ಮೇಲೆ ಭೈರವ ಗದೇರಾ, ಕುಬೇರ ಗದೇರಾಗಳಲ್ಲಿ ಜಾರಿ ಬಂದ ಹಿಮವನ್ನು ಕಡಿದು ಆಳೆತ್ತರದ ಬಿಳಿ ಗೋಡೆಗಳ ನಡುವೆ ದಾರಿ ಮಾಡಿರುತ್ತಾರೆ. ಯಾತ್ರಿಕರು ಅಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಆ ಗೋಡೆ ಎದ್ದಿರುವುದೇ ಅಲ್ಲಿ ಹಿಮ ಜಾರಿ ಬರುತ್ತದೆ ಎಂಬುದಕ್ಕೆ ಸಾಕ್ಷಿ. 2023ರ ಮೇ ತಿಂಗಳಲ್ಲಿ ಅದೇ ಕೊರಕಲುಗಳಲ್ಲಿ ಮತ್ತೆ ಹಿಮ ಬಂದು ದಾರಿ ಮುಚ್ಚಿತ್ತು, ಮರುತಿಂಗಳು ಸಿಖ್ಖರ ತೀರ್ಥವಾದ ಹೇಮಕುಂಡ ಸಾಹಿಬ್ ದಾರಿಯ ಅಟಲಾಕೋಟಿಯಲ್ಲಿ ಹಿಮ ಜಾರಿ ಯಾತ್ರಿಕರು ಸಿಲುಕಿದ್ದರು. ಜೂನ್ ತಿಂಗಳಲ್ಲಿ ಹಿಮಕುಸಿತವೇ ಎಂದು ಕೇಳುವ ನೆಂಟರಿಗೆ ನಾನು ಈ ಉದಾಹರಣೆ ಕೊಡುತ್ತೇನೆ. ಕುದುರೆಯವನೋ ಪೊಲೀಸನೋ ಗದೇರಾದ ಬಳಿ ನಿಲ್ಲಬೇಡಿ, ಮುಂದೆ ಸಾಗಿ ಎಂದು ಗದರಿಸಿದರೆ ಅದು ಒರಟುತನವಲ್ಲ ಎಂದೂ ಹೇಳುತ್ತೇನೆ.

ಇಷ್ಟೆಲ್ಲ ಬರೆದು ನಾನು ತಮ್ಮಲ್ಲಿ ಕೇಳುವುದು ಹೆಚ್ಚೇನಲ್ಲ. ಮೊದಲನೆಯದಾಗಿ, ಆಕಾಶದಿಂದ ಬೀಳುವುದಕ್ಕೆ ಹಿಮಪಾತ, ಬೆಟ್ಟದಿಂದ ಜಾರಿ ಬರುವುದಕ್ಕೆ ಹಿಮಕುಸಿತ, ಬೀಸುವುದಕ್ಕೆ ಹಿಮಗಾಳಿ ಎಂಬ ಕಟ್ಟುನಿಟ್ಟು ತಮ್ಮ ಸುದ್ದಿಮನೆಯಲ್ಲಿ ಜಾರಿಗೆ ಬರಲಿ. ಹಿಮನದಿ ಎಂಬ ಪದ ಶತಮಾನಗಳಿಂದ ಕೂಡಿ ನಿಧಾನವಾಗಿ ಹರಿಯುವ ನೀರ್ಗಲ್ಲಿನ ರಾಶಿಗೆ ಮೀಸಲಿರಲಿ, ಏಜೆನ್ಸಿಯ ಸುದ್ದಿಯಲ್ಲಿ ‘ಗ್ಲೇಶಿಯರ್’ ಎಂದು ಕಂಡರೆ ಉಪಸಂಪಾದಕರು ಒಂದು ಕ್ಷಣ ತಡೆದು ಅದು ಯಾವುದೆಂದು ವಿಚಾರಿಸಲಿ. ಕುಸಿತದ ವರದಿಯಲ್ಲಿ ಸತ್ತವರ ಸಂಖ್ಯೆಯ ಜೊತೆಗೆ ಅದು ಎಷ್ಟು ಗಂಟೆಗೆ ಬಂತು, ಹಿಂದಿನ ದಿನಗಳಲ್ಲಿ ಹಿಮ ಬಿದ್ದಿತ್ತೇ ಬಿಸಿಲಿತ್ತೇ, ಎಚ್ಚರಿಕೆ ಇತ್ತೇ ಎಂಬ ಮೂರು ಸಾಲುಗಳಿರಲಿ. ಓದುಗ ಅಷ್ಟರಿಂದಲೇ ಬಹಳ ಕಲಿಯುತ್ತಾನೆ.

ಎರಡನೆಯದು, ಮಳೆಗಾಲದಲ್ಲಿ ‘ಮೀನುಗಾರರು ಕಡಲಿಗೆ ಇಳಿಯಬಾರದು’ ಎಂಬ ಎಚ್ಚರಿಕೆಯನ್ನು ತಾವು ತಪ್ಪದೆ ಮುದ್ರಿಸುತ್ತೀರಿ. ಕಾರವಾರದಿಂದ ಮಂಗಳೂರಿನವರೆಗೆ ಅದನ್ನು ಜನ ಓದುತ್ತಾರೆ, ಪಾಲಿಸುತ್ತಾರೆ. ಅದೇ ಅಂಕಣದಲ್ಲಿ ಮಾರ್ಚ್‌ನಿಂದ ಜೂನ್ ನಡುವಿನವರೆಗೆ ಉತ್ತರಾಖಂಡ, ಹಿಮಾಚಲ, ಕಾಶ್ಮೀರ, ಸಿಕ್ಕಿಂಗಳ ಹಿಮಕುಸಿತದ ಮುನ್ಸೂಚನೆಯನ್ನು ನಾಲ್ಕು ಸಾಲುಗಳಲ್ಲಿ ಕೊಡಲು ಸಾಧ್ಯವೇ? ರಜೆಗೆ ಹೋದ ಮಗ ಮಗಳಿಗೆ ಫೋನ್ ಮಾಡಿ ‘ಅಲ್ಲಿ ಕಿತ್ತಳೆ ಬಣ್ಣ ಇದೆಯಂತೆ, ನಿಮ್ಮ ತಂಡದವರಿಗೆ ಗೊತ್ತಿದೆಯೇ’ ಎಂದು ಕೇಳುವ ತಾಯಂದಿರಿಗೆ ಅಷ್ಟು ಸಾಕು. ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲಿ ಇದನ್ನು ಕನ್ನಡದಲ್ಲಿ ವಿವರಿಸಬಲ್ಲವರು ಇದ್ದಾರೆಂದು ನನ್ನ ನಂಬಿಕೆ. ರಜೆಗೆ ಮುನ್ನ ಅವರಿಂದ ಒಂದು ಪುಟ ಬರೆಸಿದರೆ ಇನ್ನೂ ಒಳ್ಳೆಯದು.

ಚಾರಣಕ್ಕೆ ಹಣ ಕಟ್ಟುವ ಓದುಗರಿಗೂ ಒಂದು ಮಾತು. ಸಂಘಟಕರನ್ನು ಊಟದಲ್ಲಿ ಮೊಟ್ಟೆ ಇದೆಯೇ, ಗುಡಾರದಲ್ಲಿ ಎಷ್ಟು ಮಂದಿ ಎಂದು ಕೇಳುವಷ್ಟೇ ಸಹಜವಾಗಿ, ಹಿಮದ ಇಳಿಜಾರನ್ನು ಎಷ್ಟು ಗಂಟೆಗೆ ದಾಟಿಸುತ್ತೀರಿ, ರಾತ್ರಿ ಹೆಪ್ಪುಗಟ್ಟದಿದ್ದರೆ ಕಾಯಲು ವೇಳಾಪಟ್ಟಿಯಲ್ಲಿ ಒಂದು ದಿನ ಇಟ್ಟಿದ್ದೀರಾ, ಸಲಿಕೆ ಎಷ್ಟಿವೆ, ಬೇಡವೆಂದು ಹೇಳುವ ಅಧಿಕಾರ ಊರಿನ ಮಾರ್ಗದರ್ಶಿಗಿದೆಯೇ ಎಂದು ಕೇಳಿ. ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಎರಡು ಸಲ ಕೇಳಿಸಿಕೊಳ್ಳಿ.

ಈ ಪತ್ರದೊಂದಿಗೆ ಹಿಮಕ್ಕೆ ಸಂಬಂಧಿಸಿದ ಸುಮಾರು ನಲವತ್ತು ಪದಗಳಿಗೆ ನಾನು ತರಗತಿಯಲ್ಲಿ ಬಳಸುತ್ತಿದ್ದ ಕನ್ನಡ ಪದಗಳ ಪಟ್ಟಿಯೊಂದನ್ನು ಪ್ರತ್ಯೇಕ ಹಾಳೆಯಲ್ಲಿ ಇಟ್ಟಿದ್ದೇನೆ. ಅದು ಪ್ರಕಟಣೆಗಲ್ಲ, ತಮ್ಮ ಉಪಸಂಪಾದಕರ ಮೇಜಿಗೆ. ಅವುಗಳಲ್ಲಿ ಹಿಡಿಸದವು ಇದ್ದರೆ ತಿದ್ದಿಕೊಳ್ಳಬಹುದು, ಹಿಮಕುಸಿತ ಒಂದನ್ನು ಮಾತ್ರ ಬಿಡಬೇಡಿ ಎಂದು ವಿನಂತಿ.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಅಧ್ಯಾಪಕ,
ಧಾರವಾಡ